ಬಾದಾಮಿಯಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ

ಈಗ ನೀವು ನೋಡುತ್ತಿರುವುದು ಬಾದಾಮಿಯ ಅಗಸ್ತ್ಯ ತೀರ್ಥ ಎಂಬ ಕೆರೆ. ಆ ದಂಡೆಯಲ್ಲಿ ಕಾಣುವುದು ಭೂತನಾಥ ಗುಡಿ. ಇಲ್ಲಿಗೆ ಬಂದವರು ಜಾಸ್ತಿ ತೆಗೆಯುವುದು ಮುಳುಗುವ ಸೂರ್ಯನ ಫೋಟೋ. ನಾನು ಹೇಳುವುದು, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಬಟ್ಟೆ ಒಗೆಯುತ್ತಿದ್ದ ಅಕ್ಕ ಒಬ್ಬರು ಕೇಳಿಯೇ ಬಿಟ್ಟರು: “ಹೊತ್ತ ಮುಳುಗೂದು ಆ ಕಡೆ ಐತಿ, ನೀ ಈ ಕಡೆ ಏನ್ ತಗಿಯಾಕತ್ತಿ ತಮ್ಮಾ?” ನಾನು ಬಂಡೆ ತೋರಿಸಿದೆ.

ನೋಡಿ, ಊರು ಕೆರೆಯ ಪಶ್ಚಿಮಕ್ಕಿದೆ, ಗುಡಿ ಪೂರ್ವಕ್ಕೆ. ಹಾಗಾಗಿ ಸಂಜೆ ಬಿಸಿಲು ಊರಿನ ಮಾಳಿಗೆಗಳ ಮೇಲೆ ಹಾದು, ಕೆರೆ ದಾಟಿ, ಗುಡಿ ಮೇಲೆ, ಅದರ ಹಿಂದಿನ ಗುಡ್ಡದ ಮೇಲೆ ಬೀಳುತ್ತದೆ. ಇಳಿಬಿಸಿಲು ಗಾಳಿಯೊಳಗೆ ತುಂಬಾ ದೂರ ಬರಬೇಕು, ದಾರಿಯಲ್ಲೇ ನೀಲಿ ಚದುರಿ ಹೋಗಿ ಕೆಂಪು, ಹಳದಿ ಉಳಿಯುತ್ತದೆ. ಈ ಮರಳುಗಲ್ಲೋ, ಕಬ್ಬಿಣದ ಅಂಶದಿಂದ ಮೊದಲೇ ಕೆಂಪು. ಮಧ್ಯಾಹ್ನ ಸಪ್ಪೆಯಾಗಿದ್ದ ಗುಡ್ಡ ಇದೇನಾ ಅನ್ನಿಸುತ್ತದೆ, ಅಲ್ವಾ? ಬೆಳಕು ಓರೆಯಾಗಿ ಬಿದ್ದ ಕಡೆಯಂತೂ ಬಂಡೆಯ ಪದರಗಳು ಒಂದೊಂದಾಗಿ ಎದ್ದು ಕಾಣುತ್ತವೆ.

ಕ್ಯಾಮೆರಾದ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್, ಆಟೋದಲ್ಲಿ ಬಿಡಬೇಡಿ, ಅದು ಈ ಕೆಂಪನ್ನು ಸರಿಮಾಡಲು ಹೋಗಿ ಬಣ್ಣವನ್ನೇ ತೆಗೆದುಬಿಡುತ್ತದೆ. ಡೇಲೈಟ್‌ಗೆ ಹಾಕಿ; ಅಂಕಿ ಹಾಕುವ ಕ್ಯಾಮೆರಾ ಆದರೆ 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸುತ್ತಮುತ್ತ. ಮೊಬೈಲ್ ಆದರೆ ಬಂಡೆಯ ಹೊಳೆಯುವ ಭಾಗ ಮುಟ್ಟಿ, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ. ಆಮೇಲೆ ಎಡಿಟ್ ಮಾಡುವಾಗ ಸುಮ್ನೆ ಕಿತ್ತಳೆ ಬಣ್ಣ ಸುರಿಯುವುದು ನನಗೆ ಇಷ್ಟವಿಲ್ಲ. ಈ ಕಲ್ಲಿಗೆ ಅದು ಬೇಕಾಗಿಲ್ಲ.

ಹೊತ್ತು ಮುಳುಗಿದ ತಕ್ಷಣ ಬ್ಯಾಗ್ ಕಟ್ಟಲೂಬೇಡಿ. ಪಡುವಣ ಆಕಾಶ ಕೆಂಪೇರಿದರೆ ಆ ಬೆಳಕೂ ಗುಡಿ ಮೇಲೆ ಬೀಳುತ್ತದೆ, ಗಟ್ಟಿ ನೆರಳಿಲ್ಲದೆ, ಮೆತ್ತಗೆ. ಗಾಳಿ ನಿಂತಿದ್ದರೆ ನೀರಲ್ಲೂ ಅದೇ ಬಣ್ಣ.

ಮೇಣಬಸದಿಯ, ಅಂದರೆ ಬಾದಾಮಿಯ ಬಂಡೆ ಕೊರೆದ ಗುಹೆಗಳ, ಲೆಕ್ಕವೇ ಬೇರೆ. ಅವು ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ಮುಖ ಮಾಡಿವೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಗುಹೆಯೊಳಗೆ ನೇರ ಬಿಸಿಲು ಬರುವುದಿಲ್ಲ. ನೆಲಕ್ಕೂ ಎದುರಿನ ಬಂಡೆಗೂ ಬಡಿದು ತಿರುಗಿದ ಬೆಳಕಷ್ಟೇ ಬರುತ್ತದೆ. ಕ್ರಿ.ಶ. 578ರ ಶಾಸನವಿರುವ 3ನೇ ಗುಹೆಯಲ್ಲಿ ಮೂರ್ತಿಗಳ ಮುಖ ನೋಡಲು ನನಗೆ ಈ ಬೆಳಕೇ ಇಷ್ಟ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ. ಮೋಡ ಬಿಟ್ಟ ಸಂಜೆ ಸಿಕ್ಕರೆ, ಗೇಟ್ ಹಾಕುವ ಮೊದಲು ಮೆಟ್ಟಿಲು ಹತ್ತಿ, ಮುಂದಿನ ಕಂಬಗಳಿಗೆ ಓರೆಬಿಸಿಲು ತಾಗುವುದನ್ನು ನೋಡಿ. ಕೈಯಲ್ಲಿ ತಿಂಡಿ ಮಾತ್ರ ಹಿಡಿದುಕೊಂಡು ಹೋಗಬೇಡಿ, ಮಂಗಗಳು ಜಾಸ್ತಿ ಇವೆ.