ಶುಲ್ಕವಿಲ್ಲದ ಪಾಠ, ಅರ್ಧಕ್ಕೆ ನಿಲ್ಲುವ ಕಲಿಕೆ

ಕೇಳುಗರಿಗೆ ನಮಸ್ಕಾರ.

2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಸುಮಾರು 1,60,000 ಜನ ಹೆಸರು ಬರೆಸಿದರು. ಕೊನೆ ಮುಟ್ಟಿದವರು 20 ಸಾವಿರಕ್ಕೂ ಹೆಚ್ಚು. ಒಂದೇ ಕೋರ್ಸಿನಲ್ಲಿ ಇಷ್ಟು ಮಂದಿ ತೇರ್ಗಡೆಯಾಗುವುದು ಯಾವ ತರಗತಿಯಲ್ಲೂ ಆಗದ ಮಾತು. ಮರುವರ್ಷವೇ ಅಂತರ್ಜಾಲದಲ್ಲಿ ಇಂಥ ಕೋರ್ಸುಗಳನ್ನು ಕೊಡುವ ಕೋರ್ಸೆರಾ, ಎಡ್‌ಎಕ್ಸ್ ಎಂಬ ವೇದಿಕೆಗಳು ಶುರುವಾದವು.

ಆದರೆ ನಡುವೆ ಬಿಟ್ಟುಹೋಗುವವರ ಸಂಖ್ಯೆ ತಗ್ಗಲೇ ಇಲ್ಲ. ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸುಗಳ ಲೆಕ್ಕ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ನೂರಕ್ಕೆ ಸುಮಾರು ಮೂವರು. ಹಣ ಕಟ್ಟಿ ಪ್ರಮಾಣಪತ್ರದ ದಾರಿ ಹಿಡಿದವರಲ್ಲಿ ನೂರಕ್ಕೆ 46. ಸುಮ್ಮನೆ ಇಣುಕಿ ನೋಡಲು ಬಂದವರೂ ಮೊದಲ ಲೆಕ್ಕದಲ್ಲಿದ್ದಾರೆ, ನಿಜ. ಆದರೂ ಕಲಿಯಲೇಬೇಕೆಂದು ಬಂದು ಸೋತವರನ್ನು ಮರೆಯುವಂತಿಲ್ಲ.

ಅವರು ಸೋಲುವುದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಮೊದಲ ಅಸೈನ್‌ಮೆಂಟ್ ಎದುರಾದಾಗ ಬೇಕಾದ ಗಣಿತವೋ ಪ್ರೋಗ್ರಾಮಿಂಗೋ ಗೊತ್ತಿಲ್ಲ ಎಂಬುದು ಬಯಲಾಗುತ್ತದೆ. ಕೇಳೋಣವೆಂದರೆ ಎದುರಿಗೆ ಮೇಷ್ಟ್ರಿಲ್ಲ. ಆದ್ದರಿಂದ ಹೆಸರು ಬರೆಸುವ ಮೊದಲೇ ಎರಡನೇ ವಾರದ ಅಸೈನ್‌ಮೆಂಟ್ ತೆರೆಯಲು ಸಾಧ್ಯವಿದ್ದರೆ ತೆರೆದು ನೋಡಿ. ಪ್ರಶ್ನೆಯೇ ಅರ್ಥವಾಗದಿದ್ದರೆ ಅದಕ್ಕಿಂತ ಕೆಳಗಿನ ಕೋರ್ಸಿನಿಂದ ಆರಂಭಿಸುವುದು ಮೇಲು.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ವಿಡಿಯೊ ನೋಡುತ್ತಿರುವಾಗ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ. ಆರೇಳು ನಿಮಿಷಕ್ಕೊಮ್ಮೆ ನಿಲ್ಲಿಸಿ, ಪರದೆ ಮುಚ್ಚಿ, ಈಗ ಕೇಳಿದ್ದನ್ನು ಕಾಗದದ ಮೇಲೆ ಬರೆಯಿರಿ. ಪೆನ್ನು ತಡೆದ ಜಾಗದಿಂದಲೇ ಮತ್ತೆ ನೋಡಿ. ಪರಿಹಾರದ ವಿಡಿಯೊವನ್ನು ಲೆಕ್ಕ ಬಿಡಿಸಲು ಪ್ರಯತ್ನಿಸದೆ ತೆರೆಯಬೇಡಿ. ಮೂರು ನಾಲ್ಕು ಮಂದಿ ಕೂಡಿ ವಾರಕ್ಕೊಂದು ಗಂಟೆ ಗೊತ್ತುಮಾಡಿಕೊಂಡರೆ, ಮೇಷ್ಟ್ರಿಲ್ಲದ ಕೊರತೆ ಸಾಕಷ್ಟು ನೀಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಹಕ್ಕಿನ ವಿಚಾರ. ಶುಲ್ಕವಿಲ್ಲ ಎಂದಮಾತ್ರಕ್ಕೆ ಪಾಠ ನಿಮ್ಮ ಕೈಯಲ್ಲಿ ಉಳಿಯುತ್ತದೆಂದಲ್ಲ. ಎಷ್ಟೋ ವೇದಿಕೆಗಳಲ್ಲಿ ಉಚಿತ ಪ್ರವೇಶ ಕೆಲವು ವಾರಗಳಿಗಷ್ಟೇ. ಆಮೇಲೆ ಬಾಗಿಲು ಮುಚ್ಚುತ್ತದೆ. 2001ರಲ್ಲಿ ಎಂಐಟಿ ಘೋಷಿಸಿದ ಓಪನ್‌ಕೋರ್ಸ್‌ವೇರ್ ದಾರಿಯೇ ಬೇರೆ. ಅಲ್ಲಿನ ಪಾಠಗಳನ್ನು ಇಳಿಸಿಕೊಳ್ಳಬಹುದು, ವಾಣಿಜ್ಯವಲ್ಲದ ಉದ್ದೇಶಕ್ಕೆ ತಿದ್ದಿ ಹಂಚಬಹುದು. ಇದು ಸಾಧ್ಯವಾಗುವುದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಿಂದ, ಅಂದರೆ ಕೃತಿಯನ್ನು ಇತರರು ಯಾವ ಷರತ್ತಿನ ಮೇಲೆ ಬಳಸಬಹುದೆಂದು ಕರ್ತೃವೇ ಮೊದಲೇ ಕೊಡುವ ಅನುಮತಿಯಿಂದ.

ಪಾಠದ ಪುಟದ ಅಡಿಯಲ್ಲಿ ಆ ಪರವಾನಗಿಯ ಅಕ್ಷರಗಳನ್ನು ಓದಿ. ‘ಬಿವೈ’ ಇದ್ದರೆ ಕರ್ತೃವಿನ ಹೆಸರು ಹೇಳಬೇಕು. ‘ಎನ್‌ಸಿ’ ಇದ್ದರೆ ವಾಣಿಜ್ಯಕ್ಕೆ ಬಳಸುವಂತಿಲ್ಲ. ‘ಎಸ್‌ಎ’ ಇದ್ದರೆ ನೀವು ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ‘ಎನ್‌ಡಿ’ ಇದ್ದರೆ ತಿದ್ದಿದ್ದನ್ನು ಹಂಚುವಂತಿಲ್ಲ; ಅನುವಾದವೂ ತಿದ್ದಿದಂತೆಯೇ ಲೆಕ್ಕ, ಅದನ್ನು ಹಂಚಲು ಪ್ರತ್ಯೇಕ ಅನುಮತಿ ಬೇಕು. ತಾಯ್ನುಡಿಗೆ ಪಾಠ ತರುವ ಉತ್ಸಾಹಿಗಳು ತಿಂಗಳುಗಟ್ಟಲೆ ದುಡಿದ ಮೇಲೆ ಎಡವುವುದು ಇಲ್ಲೇ. ಅನುವಾದ ಮಾಡಿದಾಗ ಮೂಲದ ಶೀರ್ಷಿಕೆ, ಕರ್ತೃ, ಕೊಂಡಿ, ಪರವಾನಗಿ, ನೀವು ಮಾಡಿದ ಬದಲಾವಣೆ, ಈ ಐದನ್ನೂ ಮೊದಲ ಪುಟದಲ್ಲೇ ನಮೂದಿಸಿ.