ಎಂಟನೇ ಕ್ಲಾಸಿನ ಮೊದಲ ಮಳೆಗಾಲ

[ದೃಶ್ಯ: ಮೊಬೈಲ್ ಪರದೆ. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಮಲಯಾಳದ ಎರಡೇ ಪದ.]

ನಮಸ್ಕಾರ. ಕೇರಳದ ಕಾಸರಗೋಡಿನಲ್ಲಿ ಕನ್ನಡ ಶಾಲೆಯಿಂದ ಹೈಸ್ಕೂಲಿನ ಎಂಟನೇ ಕ್ಲಾಸಿಗೆ ಹೋಗುವ ಮಕ್ಕಳ ಬಗ್ಗೆ ಇವತ್ತಿನ ಮಾತು. ಈ ಮೆಸೇಜ್ ನೋಡಿ. ಓದಿದರೆ "ನಾಳೆ ಅವಧಿ". ಕಳೆದ ವರ್ಷ ಜುಲೈಯಲ್ಲಿ ಬಂದದ್ದು. ನನ್ನ ಅಕ್ಕನಿಗೆ ಮಲಯಾಳ ಅಕ್ಷರ ಕೂಡಿಸಿ ಓದಲು ಬರುತ್ತದೆ, ಅರ್ಥ ಮಾತ್ರ ಅಷ್ಟಕ್ಕಷ್ಟೆ. ಅವಧಿ ಅಂದರೆ ಪಿರಿಯಡ್ ಅಲ್ವಾ, ಏನೋ ಸ್ಪೆಷಲ್ ಕ್ಲಾಸ್ ಇರಬೇಕು ಅಂದುಕೊಂಡಳು. ಮಗನನ್ನು ಬೇಗ ಎಬ್ಬಿಸಿ, ದೋಸೆ ತಿನ್ನಿಸಿ, ಜಡಿಮಳೆಯಲ್ಲೇ ಬಸ್ಸು ಹತ್ತಿಸಿದಳು. ಹೋಗಿ ನೋಡಿದರೆ ಗೇಟಿಗೆ ಬೀಗ. ಮಲಯಾಳದಲ್ಲಿ ಅವಧಿ ಅಂದರೆ ರಜೆ!

ನಗು ಬರುತ್ತದೆ ನಿಜ. ಆದರೆ ಅಮ್ಮನಿಗೆ ಒಂದು ದಿನ ಆದದ್ದು ಮಗನಿಗೆ ದಿನವೂ ಕ್ಲಾಸಿನಲ್ಲಿ ಆಗುತ್ತಿತ್ತು. ಅದು ನಮಗೆ ಗೊತ್ತಾದದ್ದು ಓಣಂ ಪರೀಕ್ಷೆಯ, ಅಂದರೆ ವರ್ಷದ ಮೊದಲ ಪರೀಕ್ಷೆಯ, ಮಾರ್ಕ್ ಬಂದ ಮೇಲೆ.

[ದೃಶ್ಯ: ಕಾಸರಗೋಡು ಜಿಲ್ಲೆಯ ನಕ್ಷೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ.]

ಕೇರಳದಲ್ಲಿ 1ರಿಂದ 4 ಎಲ್‌ಪಿ (ಲೋವರ್ ಪ್ರೈಮರಿ), 5ರಿಂದ 7 ಯುಪಿ (ಅಪ್ಪರ್ ಪ್ರೈಮರಿ), 8ರಿಂದ 10 ಹೈಸ್ಕೂಲು. ನಮ್ಮ ಊರ ಕನ್ನಡ ಶಾಲೆಗಳಲ್ಲಿ ಎಷ್ಟೋ ಏಳಕ್ಕೆ ಮುಗಿಯುತ್ತವೆ. ಅಲ್ಲಿ ಮಾಷ್ಟ್ರಿಗೆ ಮಗುವಿನ ಅಪ್ಪ ಗೊತ್ತು, ಅಜ್ಜನೂ ಗೊತ್ತು. ಮಗು ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಮಾತಾಡಿ ಬಂದರೂ ಟೀಚರಿಗೆ ತಿಳಿಯುತ್ತದೆ. ಹೈಸ್ಕೂಲಿನಲ್ಲಿ ಗಣಿತಕ್ಕೆ ಒಬ್ಬರು, ಬಯಾಲಜಿಗೆ ಒಬ್ಬರು, ಹಿಂದಿಗೆ ಇನ್ನೊಬ್ಬರು. ಒಬ್ಬೊಬ್ಬರದೂ ಮುಕ್ಕಾಲು ಗಂಟೆ. ಅಷ್ಟರಲ್ಲಿ ಮಗುವಿನ ಹೆಸರು ನೆನಪಾದರೆ ಅದೇ ದೊಡ್ಡದು.

ಇದರ ಮೇಲೆ ನಾವು ಇನ್ನೊಂದು ಹೊರೆ ಇಡುತ್ತೇವೆ. ಏಳರವರೆಗೆ ಕನ್ನಡ ಮೀಡಿಯಂ, ಎಂಟಕ್ಕೆ ಇಂಗ್ಲಿಷ್ ಮೀಡಿಯಂ. ನಮ್ಮ ಹುಡುಗನದ್ದೂ ಇದೇ ಕಥೆ. ಪುಸ್ತಕ ಇಂಗ್ಲಿಷ್, ಸಾರ್ ವಿವರಿಸುವುದು ಮಲಯಾಳದಲ್ಲಿ, ಇವನು ಕಲಿತದ್ದು ಕನ್ನಡದಲ್ಲಿ. ಭಿನ್ನರಾಶಿ ಲೆಕ್ಕ ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ "ಡಿನಾಮಿನೇಟರ್" ಅಂದರೆ ತಾನು ಕಲಿತ "ಛೇದ" ಅಂತ ಅವನಿಗೆ ಹೇಳಿದವರಿಲ್ಲ. ಪಾಠ ಮುಗಿಸಿ ಸಾರ್ "ಮನಸ್ಸಿಲಾಯೋ?" ಅಂತಾರೆ. ಅರ್ಥ ಆಯ್ತಾ ಅಂತ. ಇಡೀ ಕ್ಲಾಸ್ "ಆಯಿ" ಅಂತದೆ. ಇವನೂ "ಆಯಿ". ಎರಡು ತಿಂಗಳು ಹೀಗೇ ನಡೆಯಿತು! ಮನೆಯಲ್ಲಿ ನಾವು ಅಂದುಕೊಂಡದ್ದು, ಹುಡುಗ ಮೊಬೈಲ್ ಜಾಸ್ತಿ ನೋಡುತ್ತಾನೆ ಅಂತ.

[ದೃಶ್ಯ: ಟೇಬಲ್ ಮೇಲೆ ಎರಡು ಪುಸ್ತಕ, ಒಂದೇ ಪಾಠ. ಒಂದು ಕನ್ನಡ, ಒಂದು ಇಂಗ್ಲಿಷ್.]

ಆಮೇಲೆ ನಾವು ಮಾಡಿದ್ದು ಇಷ್ಟು. ಕೇರಳದ ಪಠ್ಯಪುಸ್ತಕ ತಯಾರಿಸುವ ಸರ್ಕಾರಿ ಸಂಸ್ಥೆ ಎಸ್‌ಸಿಇಆರ್‌ಟಿಯ ಪುಸ್ತಕ ಕನ್ನಡದಲ್ಲೂ ಇದೆ, ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು, ರಾತ್ರಿ ಊಟಕ್ಕೆ ಮೊದಲು ದಿನಕ್ಕೆ ಐದೇ ಪದ ಬರೆಸಿದೆವು. ಈ ಕಡೆ ಛೇದ, ಆ ಕಡೆ ಡಿನಾಮಿನೇಟರ್. ಟ್ಯೂಷನ್‌ಗೆ ಕಳಿಸಲಿಲ್ಲ. ಗೊತ್ತಿಲ್ಲದ ಭಾಷೆಯಲ್ಲೇ ಇನ್ನೊಂದು ಗಂಟೆ ಕೂರಿಸಿ ಏನು ಪ್ರಯೋಜನ? ಈ ಕೆಲಸ ಏಪ್ರಿಲ್-ಮೇ ರಜೆಯಲ್ಲೇ ಮಾಡಬೇಕಿತ್ತು ಅಂತ ಈಗ ಅನಿಸುತ್ತದೆ.

ಅಡ್ಮಿಷನ್ ದಿನ ಒಂದು ಮಾತು ನೆನಪಿಡಿ. ಫಸ್ಟ್ ಲ್ಯಾಂಗ್ವೇಜ್ ಜಾಗದಲ್ಲಿ ಕನ್ನಡ ಅಂತ ಬರೆದಿದ್ದಾರಾ, ನೀವೇ ಕಣ್ಣಾರೆ ನೋಡಿ. ಆಫೀಸಿನವರು ಬರೆದುಕೊಳ್ಳುತ್ತಾರೆ ಅಂತ ಸುಮ್ನೆ ಬರಬೇಡಿ. ಕನ್ನಡ ಮೀಡಿಯಂ ಡಿವಿಷನ್ ಇದ್ದರೆ, ಅದಕ್ಕೆ ಕನ್ನಡ ಬರುವ ಟೀಚರ್ ಇದ್ದಾರಾ ಅಂತಲೂ ಕೇಳಿ. ಕೇಳಲು ನಾಚಿಕೆ ಬೇಡ. ಕನ್ನಡ ಡಿವಿಷನ್‌ಗೆ ಕನ್ನಡ ಬಾರದವರು ಬಂದು, ಇಲ್ಲಿನವರು ಪ್ರತಿಭಟನೆ ಮಾಡಿದ್ದೂ ಉಂಟು.

ಮಾರ್ಕಿನ ವಿಷಯ. ಎಂಟರಲ್ಲಿ ಮಾರ್ಕ್ ಎಷ್ಟು ಬಂದರೂ ನಡೆಯುತ್ತದೆ ಎಂಬ ಕಾಲ ಹೋಯಿತು. 2024-25ರಿಂದ ಎಂಟನೇ ಕ್ಲಾಸಿನ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇಕಡಾ 30 ಬರಬೇಕು. ಬಾರದಿದ್ದರೆ ಆ ವಿಷಯಕ್ಕೆ ಮಾತ್ರ ಹೆಚ್ಚುವರಿ ಕ್ಲಾಸ್, ಮತ್ತೆ ಪರೀಕ್ಷೆ. ಹೆದರಿಸಲು ಹೇಳುತ್ತಿಲ್ಲ. ಆ ಕ್ಲಾಸ್ ಇದೆ ಅಂತ ಗೊತ್ತಿದ್ದರೆ ಮಗುವೇ ಅರ್ಧ ಹಗುರಾಗುತ್ತದೆ.

ಕ್ಲಾಸ್ ಪಿಟಿಎಗೆ, ಅಂದರೆ ಅಪ್ಪ-ಅಮ್ಮಂದಿರು ಮತ್ತು ಟೀಚರ್‌ಗಳ ಸಭೆಗೆ, ಅಕ್ಕ ಹೋಗುತ್ತಿರಲಿಲ್ಲ. ಎಲ್ಲ ಮಲಯಾಳದಲ್ಲಿ ಮಾತಾಡುತ್ತಾರೆ, ನಾನು ಗೊಂಬೆಯ ಹಾಗೆ ಕೂರಬೇಕು ಅಂತಿದ್ದಳು. ಓಣಂ ರಜೆ ಮುಗಿದ ಮೇಲೆ ನಾನೂ ಜೊತೆಗೆ ಹೋದೆ. ಕ್ಲಾಸ್ ಟೀಚರ್ ಹತ್ತಿರ ನನ್ನ ಮುರುಕು ಮಲಯಾಳದಲ್ಲಿ ವಿಷಯ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಇವನು ಒಂದು ದಿನವೂ ಹೇಳಲಿಲ್ಲವಲ್ಲ" ಅಂದರು. ಹೇಗೆ ಹೇಳುತ್ತಾನೆ ಪಾಪ.

ಆ ದಿನ ಬಸ್ಸಿನಲ್ಲಿ ಬರುವಾಗ ಹುಡುಗನಿಗೆ ನಾನು ಒಂದೇ ಒಂದು ಮಲಯಾಳ ಪದ ಕಲಿಸಿದೆ. ಅದನ್ನು ಕಲಿಸಬೇಕಾಗಿಯೂ ಇರಲಿಲ್ಲ. ಅಲ್ಲೂ "ಇಲ್ಲ", ಇಲ್ಲೂ "ಇಲ್ಲ".

[ದೃಶ್ಯ: ಕ್ಲಾಸಿನ ಹಿಂದಿನ ಬೆಂಚುಗಳು.]

ಎರಡು ದಿನ ಬಿಟ್ಟು ಗಣಿತದ ಸಾರ್ "ಮನಸ್ಸಿಲಾಯೋ?" ಅಂದಾಗ ಇವನು "ಇಲ್ಲ ಸಾರ್" ಅಂದನಂತೆ. ಹಿಂದಿನ ಬೆಂಚಿನಿಂದ ಇನ್ನಿಬ್ಬರೂ ಇಲ್ಲ ಅಂದರಂತೆ. ಅವರಿಬ್ಬರದ್ದು ಮನೆಮಾತೇ ಮಲಯಾಳ.