ಹತ್ತಿಯ ಮೊಲ, ಉಣ್ಣೆಯ ಬಾಲ

ಕೇಳುಗರೆ, ನಮಸ್ಕಾರ.

ಮಾಗಿ ಚಳಿ ಶುರುವಾಗಿದೆ. ನಮ್ಮ ದಾವಣಗೆರೆಯಲ್ಲಿ ಮಧ್ಯಾಹ್ನ ಎಷ್ಟೇ ಬಿಸಿಲಿದ್ದರೂ ಸಂಜೆ ಆರಾಯಿತೆಂದರೆ ಕಿವಿಗೆ ಏನಾದರೂ ಸುತ್ತಿಕೊಳ್ಳಬೇಕು. ಮಿರ್ಚಿ ಮಂಡಕ್ಕಿ ಅಂಗಡಿ ಮುಂದೆ ಜನ ಜಾಸ್ತಿ. ಈ ದಿನಗಳಲ್ಲಿ ಭಾನುವಾರ ಬಂತೆಂದರೆ ನಮ್ಮ ಮನೆ ಪಡಸಾಲೆಯಲ್ಲಿ ಮೊಮ್ಮಗಳು, ಓಣಿಯ ಇನ್ನೂ ನಾಲ್ಕು ಮಕ್ಕಳು ಸೇರುತ್ತಾರೆ. ಬಟ್ಟೆಯ ಮೊಲ ಹೊಲಿಯುತ್ತೇವೆ, ಬನ್ನು ಬೇಯಿಸುತ್ತೇವೆ, ಕಷಾಯ ಕುಡಿಯುತ್ತೇವೆ. ಎಲ್ಲಕ್ಕೂ ಕಾರಣ ಒಂದು ಕತೆ.

ಎರಡು ವರ್ಷದ ಹಿಂದೆ ಮೊಮ್ಮಗಳು ಜ್ವರ ಬಂದು ಒಂದು ವಾರ ಮಲಗಿದ್ದಳು. ಊಟ ಬೇಡ, ಕಷಾಯ ಬೇಡ, ಸುಮ್ನೆ ಗೋಡೆ ಕಡೆ ಮುಖ. ಆಗ ಅವಳಿಗೆ ಪೀಟರ್ ಎಂಬ ಮೊಲದ ಕತೆಯನ್ನು ನಮ್ಮ ಮಾತಿನಲ್ಲಿ ಹೇಳಿದೆ. ಅದನ್ನು ಬರೆದವರು ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್. ಆ ಕತೆ ಹುಟ್ಟಿದ್ದೂ ಕಾಯಿಲೆ ಮಲಗಿದ ಮಗುವಿಗಾಗಿಯೇ. 1893ರ ಸೆಪ್ಟೆಂಬರ್‌ನಲ್ಲಿ, ತಮಗೆ ಪಾಠ ಹೇಳಿದ್ದವರ ಐದು ವರ್ಷದ ಮಗನಿಗೆ ಅವರು ಒಂದು ಕಾಗದ ಬರೆದರು. ಏನು ಬರೆಯಬೇಕೋ ತೋಚದೆ ನಾಲ್ಕು ಮರಿ ಮೊಲಗಳ ಕತೆ ಹೇಳಿ, ಪಕ್ಕದಲ್ಲೇ ಚಿತ್ರ ಬಿಡಿಸಿದರು. ಮುಂದೆ ಪ್ರಕಾಶಕರು ಬೇಡವೆಂದಾಗ 1901ರಲ್ಲಿ ಕೈಯಿಂದ ಹಣ ಹಾಕಿ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷ ಬೇಡವೆಂದಿದ್ದ ಪ್ರಕಾಶಕರಲ್ಲೇ ಒಬ್ಬರು ಅದನ್ನು ಬಣ್ಣದಲ್ಲಿ ತಂದರು.

ಕತೆ ಇಷ್ಟೇ. ತಾಯಿ ಮೊಲ ಬ್ರೆಡ್ಡು ಮತ್ತು ಐದು ದ್ರಾಕ್ಷಿ ಬನ್ನು ತರಲು ಹೋಗುತ್ತದೆ. ಹೋಗಬೇಡ ಎಂದ ತೋಟಕ್ಕೇ ಪೀಟರ್ ನುಗ್ಗುತ್ತಾನೆ. ಹೊಸ ನೀಲಿ ಕೋಟು ಕಳೆದುಕೊಂಡು, ನಡುಗುತ್ತ ಮನೆ ಸೇರುತ್ತಾನೆ. ಮಾತು ಕೇಳಿದ ಮರಿಗಳಿಗೆ ಬ್ರೆಡ್ಡು, ಹಾಲು, ಕಾಡುಹಣ್ಣು. ಪೀಟರನಿಗೆ ಕ್ಯಾಮೊಮೈಲ್ ಹೂವಿನ ಚಹಾ, ಮಲಗುವ ಹೊತ್ತಿಗೆ ಒಂದು ಚಮಚ. ಅದು ನಮ್ಮ ಸೇವಂತಿಗೆಯ ಬಳಗದ ಹೂವು. "ಅಜ್ಜಿ, ನನಗೂ ಒಂದೇ ಚಮಚ ಕೊಡು" ಅಂದಳು ಮೊಮ್ಮಗಳು. ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು ಕುಟ್ಟಿದ ಪುಡಿ, ಚೂರು ಬೆಲ್ಲ, ಹಾಲು. ಒಂದು ಚಮಚ ಅಂದವಳು ಅರ್ಧ ಲೋಟ ಕುಡಿದಳು.

ಹುಷಾರಾದ ಮೇಲೆ ಮೊಲ ಬೇಕೆಂದಳು. ಪಾಟರ್ ಕೂಡ ತಮ್ಮ ಪೀಟರನನ್ನು ಬಟ್ಟೆಯಲ್ಲಿ ಹೊಲಿದಿದ್ದರು. ಮೀಸೆಗೆ ಬ್ರಷ್ಷಿನ ಕೂದಲು ಕಿತ್ತು ಹಾಕಿದ್ದರು! 1903ರಲ್ಲಿ ಆ ಗೊಂಬೆಯ ಹಕ್ಕನ್ನು ಲಂಡನ್ನಿನಲ್ಲಿ ನೋಂದಣಿಯನ್ನೂ ಮಾಡಿಸಿದರು. ನಾವೂ ಬಟ್ಟೆ ಒಗೆಯುವ ಬ್ರಷ್ಷಿನಿಂದ ಆರು ಕೂದಲು ಕೀಳುತ್ತೇವೆ, ಆ ಕಡೆ ಮೂರು, ಈ ಕಡೆ ಮೂರು.

ಟೈಲರ್ ಹತ್ತಿರ ಕೇಳಿದರೆ ಕಟಿಂಗ್ ಪೀಸು ಕೊಡುತ್ತಾರೆ. ಪೇಪರಿನಲ್ಲಿ ಮೊಲದ ಆಕಾರ ಕತ್ತರಿಸಿ, ಬಟ್ಟೆ ಎರಡು ಪದರ ಇಟ್ಟು ಸುತ್ತ ಹೊಲಿಯಬೇಕು. ಹೊಟ್ಟೆ ಹತ್ತಿರ ಎರಡು ಬೆರಳು ಹೋಗುವಷ್ಟು ಬಾಯಿ ಬಿಟ್ಟು, ಒಳಗಿನದನ್ನು ಹೊರಗೆ ತಿರುಗಿಸಬೇಕು. ಕಿವಿ ತಿರುಗುವುದೇ ಕಷ್ಟ. ಹಿಂದಿನಿಂದ ಪೆನ್ಸಿಲ್ ತೂರಿಸಿ ಮೆಲ್ಲಗೆ ದೂಡಿದರೆ ತುದಿ ಚೂಪಾಗಿ ಹೊರಗೆ ಬರುತ್ತದೆ. ಆ ಕ್ಷಣದಲ್ಲಿ ಮಕ್ಕಳ ಮುಖ ನೋಡಬೇಕು. ಒಳಗೆ ತುಂಬಲು ಹಳೇ ದಿಂಬಿನ ಹತ್ತಿಯನ್ನು ಬಿಡಿಸಿ ಬಿಸಿಲಿಗೆ ಹಾಕಿರುತ್ತೇನೆ.

ಹತ್ತಿ ಮುಟ್ಟಿದಾಗೆಲ್ಲ ನನಗೆ ತಂದೆ ನೆನಪಾಗುತ್ತಾರೆ. ಇಲ್ಲಿನ ಮಿಲ್ಲಿನಲ್ಲಿ ದುಡಿದವರು. ರಾತ್ರಿ ಪಾಳಿ ಮುಗಿಸಿ ಬಂದಾಗ ಹುಬ್ಬಿನಲ್ಲೂ ಹತ್ತಿ ಎಳೆ ಇರುತ್ತಿತ್ತು. ಮಿಲ್ಲುಗಳಿದ್ದ ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಪಾಟರ್ ಮನೆತನದ ಸಿರಿಯೂ ಹತ್ತಿಯದೇ. ಅವರ ಅಜ್ಜ ನಿಜವಾದ ಮ್ಯಾಂಚೆಸ್ಟರ್, ಅಂದರೆ ಇಂಗ್ಲೆಂಡಿನ ಹತ್ತಿ ಮಿಲ್ಲುಗಳ ಊರಿನ ಹತ್ತಿರವೇ ಕ್ಯಾಲಿಕೋ ಎಂಬ ಹತ್ತಿ ಬಟ್ಟೆಗೆ ಅಚ್ಚು ಹಾಕುವ ದೊಡ್ಡ ಕಾರ್ಖಾನೆ ನಡೆಸಿದರು. ಕ್ಯಾಲಿಕೋ ಎಂಬ ಹೆಸರು ಬಂದದ್ದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ. ಇದು ಗೊತ್ತಾದ ದಿನ ನನಗೆ ಆ ಲೇಖಕಿ ದೂರದವರು ಅನ್ನಿಸಲಿಲ್ಲ.

ಹತ್ತಿಯ ಮನೆಯಲ್ಲಿ ಹುಟ್ಟಿದ ಅವರು ಮುಂದೆ ಕುರಿಗಳ ಕಡೆ ಹೋದರು. 1905ರಲ್ಲಿ ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟಸೀಮೆಯಲ್ಲಿ ಹಿಲ್ ಟಾಪ್ ಎಂಬ ಜಮೀನು ಕೊಂಡರು. ಅಲ್ಲಿನ ಹರ್ಡ್‌ವಿಕ್ ಎಂಬ ನಾಡ ತಳಿಯ ಕುರಿಗಳನ್ನು ಉಳಿಸಲು ಜೀವಮಾನವೆಲ್ಲ ಶ್ರಮಿಸಿದರು. 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರ ಎಕರೆಗೂ ಹೆಚ್ಚು ಭೂಮಿಯನ್ನು, ಅಲ್ಲಿನ ನೆಲ, ಹಳೇ ಮನೆಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು. ಅದಕ್ಕೇ ನಮ್ಮ ಮೊಲದ ಮೈ ಹತ್ತಿಯದಾದರೂ ಬಾಲ ಉಣ್ಣೆಯದು. ಚಳ್ಳಕೆರೆ ಕಡೆ ಕಂಬಳಿ ನೇಯುವವರಿಂದ ಒಂದು ಹಿಡಿ ಉಣ್ಣೆ ತಂದಿಟ್ಟಿದ್ದೇನೆ. ಅಂಗೈಯಲ್ಲಿಟ್ಟು ಎರಡು ಹನಿ ಬಿಸಿನೀರು, ಚೂರು ಸೋಪು ಹಾಕಿ ಉಂಡೆ ಉರುಳಿಸಿದರೆ ಗಟ್ಟಿ ಬಾಲ ಸಿದ್ಧ. ಕೈಗೆ ಕುರಿ ವಾಸನೆ ಅಂಟುತ್ತದೆ. ಮಕ್ಕಳು ಮೂಸಿ ಮೂಸಿ ನಗುತ್ತಾರೆ.

ಇನ್ನು ಬನ್ನು. ಓವನ್ ಬೇಡ, ಕುಕ್ಕರ್ ಸಾಕು. ಒಂದು ಲೋಟ ಮೈದಾ, ಒಂದು ಲೋಟ ಗೋಧಿ ಹಿಟ್ಟು, ಒಂದು ಚಮಚ ಈಸ್ಟ್, ಸಕ್ಕರೆ, ಚಿಟಿಕೆ ಉಪ್ಪು. ಉಗುರುಬೆಚ್ಚಗಿನ ಹಾಲಿನಲ್ಲಿ ಮೆತ್ತಗೆ ಕಲಸಿ, ದಾವಣಗೆರೆ ಮನೆ ಅಂದಮೇಲೆ ಬೆಣ್ಣೆಗೆ ಕೈ ಹಿಡಿಯಬಾರದು, ಚೆನ್ನಾಗಿ ನಾದಬೇಕು. ಕೊನೆಗೆ ಒಂದು ಹಿಡಿ ಕಪ್ಪು ಒಣದ್ರಾಕ್ಷಿ. ಚಳಿಗೆ ಹಿಟ್ಟು ಬೇಗ ಉಬ್ಬುವುದಿಲ್ಲ. ಮೊದಲ ಸಲ ನಾನು ಅವಸರ ಮಾಡಿ ಬನ್ನು ಕಲ್ಲಾಯಿತು, ಮಕ್ಕಳು ಮಾತಾಡದೆ ಹಾಲಿನಲ್ಲಿ ನೆನೆಸಿ ತಿಂದರು. ಈಗ ಪಾತ್ರೆ ಮುಚ್ಚಿ, ಕಂಬಳಿ ಸುತ್ತಿ ಎರಡು ಗಂಟೆ ಬಿಡುತ್ತೇನೆ. ಆಮೇಲೆ ಐದು ಉಂಡೆ, ತಟ್ಟೆಯಲ್ಲಿಟ್ಟು ಇನ್ನರ್ಧ ಗಂಟೆ. ಕುಕ್ಕರಿನ ತಳಕ್ಕೆ ಒಂದಿಂಚು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ಗ್ಯಾಸ್ಕೆಟ್ಟು, ವಿಸಿಲ್ಲು ಎರಡನ್ನೂ ತೆಗೆದಿರಬೇಕು, ಇದನ್ನು ಮಾತ್ರ ಮರೆಯಬೇಡಿ. ಸಣ್ಣ ಉರಿಯಲ್ಲಿ ಮೂವತ್ತೈದು ನಿಮಿಷ. ಬಿಸಿ ಇದ್ದಾಗಲೇ ಮೇಲೆ ಬೆಣ್ಣೆ ಸವರಿ.

ಕತೆಯ ಕಾಡುಹಣ್ಣಿನ ಜಾಗಕ್ಕೆ ನಮಗೆ ಬಾರೆಹಣ್ಣಿದೆ. ಸಂಕ್ರಾಂತಿ ಹತ್ತಿರ ಬಂದರೆ ಗಾಡಿ ತುಂಬ ಬರುತ್ತದೆ.

ಕಳೆದ ಭಾನುವಾರ ಒಬ್ಬ ಹುಡುಗ ತನ್ನ ಮೊಲಕ್ಕೆ ಕೋಟು ಬೇಡವೆಂದ. ಯಾಕಪ್ಪಾ ಅಂದೆ. "ಇವನು ಈಗ ತಾನೇ ತೋಟದಿಂದ ಓಡಿ ಬಂದಿದ್ದಾನೆ ಅಜ್ಜಿ" ಅಂದ. ಹಾಗಾಗಿ ಆ ನೀಲಿ ತುಂಡು ಇನ್ನೂ ನನ್ನ ಹೊಲಿಗೆ ಡಬ್ಬಿಯಲ್ಲೇ ಇದೆ.

ನಮಸ್ಕಾರ.